ಕಲ್ಕತ್ತದ ಟ್ರಾಮುಗಾಡಿಯೂ ಅದರ ಒಡೆಯರೂ

ಪಟ್ಟಣಗಳ ಚರಿತ್ರೆಯನ್ನು ಬರೆಯುವವರು ಕೋಟೆಕೊತ್ತಲಗಳನ್ನೂ ಅರಮನೆಗಳನ್ನೂ ವರ್ಣಿಸುವಷ್ಟು ಆಸ್ಥೆಯಿಂದ, ಜನರು ದಿನವೂ ಹತ್ತಿ ಇಳಿಯುವ ಗಾಡಿಗಳ ವಿಚಾರವನ್ನು ಹೇಳುವುದು ಅಪೂರ್ವ. ಆದರೆ ಒಂದು ಪಟ್ಟಣದಲ್ಲಿ ಯಾರ ಮಾತು ನಡೆಯುತ್ತಿದ್ದಿತೆಂಬುದನ್ನು ತಿಳಿಯಬೇಕಾದರೆ, ಅಲ್ಲಿಯ ಗಾಡಿಯ ಟಿಕೆಟ್ಟಿನ ದರವನ್ನು ಯಾರು ಗೊತ್ತುಮಾಡುತ್ತಿದ್ದರೆಂದು ವಿಚಾರಿಸಿದರೆ ಸಾಕು. ಕಲ್ಕತ್ತದ ಟ್ರಾಮಿನ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನವಾಗಿರುವುದು.

1873ನೆಯ ಇಸವಿ ಫೆಬ್ರವರಿ 24ನೆಯ ತಾರೀಖಿನಲ್ಲಿ, ಸಿಯಾಲ್ದಾ ರೈಲು ನಿಲ್ದಾಣದಿಂದ ಹೂಗ್ಲಿ ನದಿಯ ದಡದಲ್ಲಿರುವ ಆರ್ಮೇನಿಯನ್ ಘಾಟಿನವರೆಗೆ, ಎರಡೂವರೆ ಮೈಲಿಗೆ ತುಸು ಕಡಮೆಯಾದ ಹಾದಿಯಲ್ಲಿ, ಕುದುರೆಗಳು ಎಳೆಯುವ ಟ್ರಾಮು ಮೊದಲು ಓಡಿತು. ಸಾಕಷ್ಟು ಮಂದಿ ಹತ್ತದೆ ಹೋದುದರಿಂದ, ಒಂಬತ್ತು ತಿಂಗಳು ತುಂಬುವುದರೊಳಗಾಗಿ, ಅದೇ ವರ್ಷದ ನವೆಂಬರ್ 20ರಂದು ಅದು ನಿಂತುಹೋಯಿತು.

ಏಳು ವರ್ಷಗಳ ತರುವಾಯ ಇದೇ ಕಾರ್ಯವನ್ನು ಕೈಗೊಂಡದ್ದು ಲಂಡನ್ನಿನಲ್ಲಿ ದಾಖಲಾದ ಕಲ್ಕತ್ತ ಟ್ರಾಮ್ವೇಸ್ ಕಂಪೆನಿ. 1880ನೆಯ ಇಸವಿ ನವೆಂಬರ್ ಒಂದರಂದು ವೈಸರಾಯ್ ಲಾರ್ಡ್ ರಿಪನ್ನರು ಹೊಸ ಮಾರ್ಗವನ್ನು ತೆರೆದರು. ಬಂಡವಾಳ ಹೂಡಿದವರು ಥೇಮ್ಸ್ ನದಿಯ ತೀರದಲ್ಲಿ, ಗಾಡಿ ಹತ್ತುವವರು ಹೂಗ್ಲಿಯ ತೀರದಲ್ಲಿ! ಮುಂದೆ ಬಂದ ವಿವಾದಗಳಿಗೆಲ್ಲ ಬೀಜವು ಇಲ್ಲಿಯೇ ಬಿದ್ದಿತೆಂದು ನನಗೆ ತೋರುವುದು.

ಕಂಪೆನಿಗೆ ಮೊದಲು ತಲೆನೋವಾದುದು ಕುದುರೆಗಳ ವೆಚ್ಚ. ಹತ್ತೊಂಬತ್ತನೆಯ ಶತಮಾನದ ಅಂತ್ಯದ ವೇಳೆಗೆ ಅದರ ವಶದಲ್ಲಿ 166 ಗಾಡಿಗಳೂ, ಸಾವಿರ ಕುದುರೆಗಳೂ, 19 ಮೈಲಿಗಳ ಕಂಬಿಯೂ ಇದ್ದುವು. ಗಾಡಿಯೊಂದಕ್ಕೆ ಸುಮಾರು ಆರು ಕುದುರೆಗಳಾದುವು. ದಿನದಲ್ಲಿ ಕೆಲವೇ ಗಂಟೆ ದುಡಿಯಬಲ್ಲ ಪ್ರಾಣಿಯು ಹಗಲಿರುಳೂ ಮೇವನ್ನು ಬೇಡುವುದು. ಸಂಸಾರಸ್ಥರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ. 1882ರಲ್ಲಿ ಉಗಿಯಂತ್ರಗಳನ್ನು ಹೂಡಿ ನೋಡಿದರು, ಅವು ನೆಲೆಗೊಳ್ಳಲಿಲ್ಲ. ಕಡೆಗೆ 1902ನೆಯ ಇಸವಿ ಮಾರ್ಚಿ 27ರಂದು ಎಸ್ಪ್ಲನೇಡಿನಿಂದ ಕಿದ್ದರ್‌ಪುರಕ್ಕೆ ವಿದ್ಯುಚ್ಛಕ್ತಿಯ ಟ್ರಾಮು ಹೊರಟಿತು. ಅಂದಿನಿಂದ ಅಲ್ಪ ಸಂಬಳದ ಗುಮಾಸ್ತರೂ ವಿದ್ಯಾರ್ಥಿಗಳೂ ಕಾರ್ಖಾನೆಯ ಕೆಲಸಗಾರರೂ ಇದನ್ನೇ ನಂಬಿ ಬದುಕಿದರು. ಮುಂದಣ ಗಾಡಿ ಮೊದಲನೆಯ ತರಗತಿ. ಅಲ್ಲಿ ಮೆತ್ತೆಯೂ ಬೀಸಣಿಗೆಯೂ ಉಂಟು. ಹಿಂದಣ ಗಾಡಿ ಎರಡನೆಯ ತರಗತಿ. ಅಲ್ಲಿ ಬರಿಯ ಹಲಗೆ.

ದೇಶವು ಸ್ವತಂತ್ರವಾದ ಮೇಲೆಯೂ ಕಂಪೆನಿಯು ಲಂಡನ್ನಿನದಾಗಿಯೇ ಉಳಿಯಿತು. 1951ರಲ್ಲಿ ಪಶ್ಚಿಮ ಬಂಗಾಳದ ಸರ್ಕಾರವು ಅದರೊಡನೆ ಒಂದು ಒಪ್ಪಂದವನ್ನು ಮಾಡಿಕೊಂಡು, 1972ನೆಯ ಇಸವಿ ಜನವರಿ ಒಂದರಂದಾಗಲಿ ಆ ಮೇಲಾಗಲಿ, ಎರಡು ವರ್ಷ ಮುಂಚಿತವಾಗಿ ತಿಳಿಸಿ, ಟ್ರಾಮಿನ ವ್ಯವಸ್ಥೆಯನ್ನು ಕೊಂಡುಕೊಳ್ಳುವ ಹಕ್ಕನ್ನು ಮಾತ್ರ ಇರಿಸಿಕೊಂಡಿತು.

ಹೀಗಿರಲು 1953ನೆಯ ಇಸವಿ ಜುಲೈ ಒಂದರಿಂದ ಎರಡನೆಯ ತರಗತಿಯ ದರವನ್ನು ಒಂದು ಪೈಸೆ, ಎಂದರೆ ಕಾಲಾಣೆ, ಏರಿಸಲಾಯಿತು. ಕಾಲಾಣೆಗೆ ಇಷ್ಟು ಗದ್ದಲವೇಕೆಂದು ವಾಚಕರು ಕೇಳಬಹುದು. ದಿನಕ್ಕೆ ಎರಡು ಬಾರಿಯಂತೆ ತಿಂಗಳಿಗೆ ಇಪ್ಪತ್ತಾರು ದಿನ ಕೆಲಸಕ್ಕೆ ಹೋಗಿ ಬರುವವನಿಗೆ ಅದು ಹದಿಮೂರಾಣೆಯಾಗುವುದು. ದೇಶವಿಭಾಗದಿಂದ ಮನೆಮಠಗಳನ್ನು ಕಳೆದುಕೊಂಡ ನಿರಾಶ್ರಿತರು ತುಂಬಿದ್ದ ಪಟ್ಟಣದಲ್ಲಿ ಹದಿಮೂರಾಣೆ ಅಲ್ಪವಲ್ಲ. ಅದಕ್ಕಿಂತಲೂ ಹೆಚ್ಚಾಗಿ, ಆ ಪೈಸೆಯು ಸಮುದ್ರವನ್ನು ದಾಟಿ ಹೋಗುವುದೆಂಬ ಭಾವನೆಯೇ ಜನರನ್ನು ಕೆರಳಿಸಿತು. ಪ್ರಯಾಣಿಕರು ಗಾಡಿಯಲ್ಲಿ ಕುಳಿತು ಹಳೆಯ ದರವನ್ನೇ ಕೊಡುವೆವೆಂದು ಹಟ ಹಿಡಿದರು. ಅನಂತರ ಟ್ರಾಮನ್ನೇ ಬಹಿಷ್ಕರಿಸಿ ಕಾಲ್ನಡೆಯಿಂದ ಹೋದರು. ಹರತಾಳಗಳಾದುವು, ಗಾಡಿಗಳಿಗೆ ಬೆಂಕಿ ಬಿದ್ದಿತು, ಪೋಲೀಸರು ಲಾಠಿಯನ್ನೂ ಬಂದೂಕನ್ನೂ ಉಪಯೋಗಿಸಿದರು, ಸಹಸ್ರಾರು ಮಂದಿ ಬಂಧನಕ್ಕೊಳಗಾದರು. ಗಾಡಿ ಸುಡುವುದನ್ನು ಮೆಚ್ಚುವುದು ನನ್ನಿಂದಾಗದು. ಆದರೆ ಹಳೆಯ ಕಾಸನ್ನೇ ಅಂಗೈಯಲ್ಲಿ ಹಿಡಿದು ಶಾಂತವಾಗಿ ಕುಳಿತ ಆ ಪ್ರಯಾಣಿಕನ ಧೈರ್ಯವನ್ನು ಮೆಚ್ಚದಿರುವುದೂ ಕಷ್ಟ. ಕಡೆಗೆ ಡಾಕ್ಟರ್ ಬಿಧಾನಚಂದ್ರ ರಾಯರ ಸರ್ಕಾರವು ಆ ಏರಿಕೆಯನ್ನು ತಡೆಹಿಡಿಯಬೇಕಾಯಿತು.

1967ರಲ್ಲಿ ಸರ್ಕಾರವು, ಒಪ್ಪಂದದ ಗಡುವಿಗೆ ಕಾಯದೆ, ಕಾನೂನಿನ ಮೂಲಕ ಕಂಪೆನಿಯ ಆಡಳಿತವನ್ನು ವಹಿಸಿಕೊಂಡಿತು. 1976ನೆಯ ಇಸವಿ ನವೆಂಬರಿನಲ್ಲಿ ಅದನ್ನು ರಾಷ್ಟ್ರೀಕರಿಸಿತು. ಪರದೇಶದ ಒಡೆಯನು ಹೋಗಿ ಸ್ವದೇಶದ ಒಡೆಯನು ಬಂದನು. ಆದರೆ 1992ರಲ್ಲಿ ಟ್ರಾಮಿನ ಹೆಸರನ್ನು ಹೊತ್ತ ಆ ಸಂಸ್ಥೆಯೇ ಬಸ್ಸುಗಳನ್ನು ಓಡಿಸಲು ತೊಡಗಿತು. ಟ್ರಾಮಿನ ಮಾರ್ಗಗಳು ಒಂದೊಂದಾಗಿ ಮುಚ್ಚುತ್ತ ಬಂದುವು. ಕಂಬಿಯನ್ನು ಬಿಟ್ಟು ಸರಿಯಲಾರದ ಗಾಡಿಯು ಮೋಟಾರುಗಳಿಗೆ ಅಡ್ಡಿಯೆಂಬ ದೂರು ದಿನೇ ದಿನೇ ಬಲಿಯಿತು. ಅಡ್ಡಿಯಾದುದು ಟ್ರಾಮೋ, ಅದರ ಕಂಬಿಯ ಮೇಲೆ ಬಂದು ನಿಂತ ಮೋಟಾರೋ, ಎಂದು ಕೇಳಿದವರು ಕೆಲವರೇ.

2023ರಲ್ಲಿ ಟ್ರಾಮಿಗೆ ನೂರೈವತ್ತು ವರ್ಷ ತುಂಬಿದ ಉತ್ಸವವು ನಡೆಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ, ಎಸ್ಪ್ಲನೇಡಿನಿಂದ ಮೈದಾನದವರೆಗಿನ ಮಾರ್ಗವೊಂದನ್ನು ಸ್ಮಾರಕವಾಗಿ ಉಳಿಸಿಕೊಂಡು ಮಿಕ್ಕುದನ್ನು ನಿಲ್ಲಿಸುವುದಾಗಿ ರಾಜ್ಯದ ಸಾರಿಗೆ ಸಚಿವರು ಪ್ರಕಟಿಸಿದರು. 1953ರಲ್ಲಿ ಒಂದು ಪೈಸೆಗಾಗಿ ಬೀದಿಗಿಳಿದ ಪಟ್ಟಣದಲ್ಲಿ, ಈ ಸಲ ಟ್ರಾಮಿನ ಪರವಾಗಿ ನಿಂತವರು ಅದರ ಕೆಲವು ಅಭಿಮಾನಿಗಳೂ ಉಚ್ಚ ನ್ಯಾಯಾಲಯದ ಮೊರೆಹೊಕ್ಕವರೂ ಮಾತ್ರ.