‘ಗೊತ್ತಿಲ್ಲ’ ಎನ್ನುವವನು ಎಲ್ಲಿ ನಿಂತಿದ್ದಾನೆ?

ಕಳೆದ ಚಳಿಗಾಲದಲ್ಲಿ ತರೀಕೆರೆಯ ಅಡಿಕೆ ವ್ಯಾಪಾರಿಯೊಬ್ಬರು ಕಡೂರಿನ ನಮ್ಮ ಮದ್ರಸಕ್ಕೆ ಬಂದರು. ಬೆಂಗಳೂರಿನಲ್ಲಿ ಓದುತ್ತಿರುವ ಅವರ ಮಗ ರಜೆಗೆ ಬಂದವನು ಊಟದ ಹೊತ್ತಿನಲ್ಲಿ, ‘ಅಲ್ಲಾಹನು ಇದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ ಅಬ್ಬಾ’ ಎಂದುಬಿಟ್ಟನಂತೆ. ಅಂದಿನಿಂದ ತಂದೆಗೂ ಮಗನಿಗೂ ಮಾತಿಲ್ಲ. ತಾಯಿ ಇಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ ಊಟ ಬಡಿಸುತ್ತಿದ್ದಾರೆ. ‘ಹಜರತ್, ಹುಡುಗ ದಹರಿಯಾ ಆಗಿಬಿಟ್ಟನೇ?’ ಎಂದು ಕೇಳುವಾಗ ಅವರ ಧ್ವನಿ ನಡುಗುತ್ತಿತ್ತು.

ದಹರಿಯಾ ಎಂಬ ಉರ್ದು ಪದದ ಮೂಲ ‘ದಹ್ರ್’ ಎಂಬ ಅರಬಿ ಶಬ್ದ; ಕಾಲ ಎಂದರ್ಥ. ಬದುಕೆಂದರೆ ಈ ಲೋಕದ್ದಷ್ಟೇ, ನಮ್ಮನ್ನು ಅಳಿಸುವುದು ಕಾಲವೇ ಹೊರತು ಬೇರಾವುದೂ ಅಲ್ಲ ಎಂದು ಸಾಧಿಸುತ್ತಿದ್ದವರ ಪ್ರಸ್ತಾಪ ಪವಿತ್ರ ಕುರ್‌ಆನಿನ 45ನೇ ಅಧ್ಯಾಯ ಅಲ್‌ಜಾಸಿಯದ 24ನೇ ಸೂಕ್ತದಲ್ಲಿದೆ. ಇವರು ‘ಇಲ್ಲ’ ಎನ್ನುವವರು. ಆದರೆ ಅದೇ ಅಧ್ಯಾಯದ 32ನೇ ಸೂಕ್ತದಲ್ಲಿ ಇನ್ನೊಂದು ದನಿ ಕೇಳಿಬರುತ್ತದೆ. ಅಂತ್ಯದಿನದ ಮಾತು ಬಂದಾಗ, ಅದೇನೆಂದು ನಮಗೆ ತಿಳಿಯದು, ನಮ್ಮದು ಬರೀ ಊಹೆ, ಖಚಿತವಿಲ್ಲ ಎನ್ನುವವರ ದನಿಯದು. ಎಂಟು ಸೂಕ್ತಗಳ ಅಂತರದಲ್ಲಿ ಎರಡು ನಿಲುವುಗಳು ಬೇರೆಬೇರೆಯಾಗಿ ದಾಖಲಾಗಿವೆ. ಎರಡನೆಯವರನ್ನೂ ಕುರ್‌ಆನ್ ಒಪ್ಪುವುದಿಲ್ಲ, ನಿಜ. ಆದರೆ 31ನೇ ಸೂಕ್ತವನ್ನು ಸೇರಿಸಿ ಓದಬೇಕು; ಅಲ್ಲಿ ಅವರ ಮೇಲಿನ ಆರೋಪ ಅಹಂಕಾರದ್ದು. ಸಂದೇಶವನ್ನು ಕೇಳಿಯೂ ತಾತ್ಸಾರದಿಂದ ತಳ್ಳಿದವರ ‘ಗೊತ್ತಿಲ್ಲ’ ಅದು.

ಹಾಗಾದರೆ ತರೀಕೆರೆಯ ಹುಡುಗನ ‘ಗೊತ್ತಿಲ್ಲ’ ಎಂಥದ್ದು?

ನನಗೆ ಮೊದಲು ನೆನಪಾದದ್ದು ನಾನು ಮದ್ರಸದಲ್ಲಿ ಕಲಿತ ಪಾಠ. ಇಮಾಮ್ ನಸಫಿ(ರ) (ಮರಣ 1142) ಅವರ ಅಕಾಇದ್ ಗ್ರಂಥಕ್ಕೆ ತಫ್ತಾಝಾನಿಯವರು ಬರೆದ ವ್ಯಾಖ್ಯಾನ ನಮ್ಮ ಪಠ್ಯವಾಗಿತ್ತು. ವಸ್ತುಗಳ ವಾಸ್ತವ ಸ್ಥಿರವಾದುದು, ಅದನ್ನು ಅರಿಯಲು ಸಾಧ್ಯ ಎಂಬಲ್ಲಿಂದಲೇ ಆ ಗ್ರಂಥ ಆರಂಭವಾಗುತ್ತದೆ. ಇದನ್ನು ಒಪ್ಪದವರಲ್ಲಿ ಒಂದು ಗುಂಪಿನ ಹೆಸರು ‘ಲಾ ಅದ್ರಿಯ್ಯ’. ‘ಲಾ ಅದ್ರೀ’ ಎಂದರೆ ನನಗೆ ಗೊತ್ತಿಲ್ಲ. ಏನನ್ನೂ ಒಪ್ಪದ ಇವರೊಡನೆ ವಾದಕ್ಕೆ ದಾರಿಯೇ ಇಲ್ಲ, ಬೆಂಕಿ ತಾಗಿಸಿದರೆ ಬಿಸಿಯಾದರೂ ಗೊತ್ತಾಗುತ್ತದೆಂದು ಒಪ್ಪಿಯಾರು ಎಂಬ ಅರ್ಥದ ಕಟುವಾದ ಮಾತು ವ್ಯಾಖ್ಯಾನದಲ್ಲಿದೆ. ತರಗತಿಯಲ್ಲಿ ನಾವೆಲ್ಲ ನಕ್ಕಿದ್ದೆವು. ಆ ತಂದೆಯ ಎದುರು ಕುಳಿತಾಗ ಆ ನಗು ನೆನಪಾಗಿ ನಾಚಿಕೆಯಾಯಿತು.

ಆದರೆ ಆ ಹೆಸರನ್ನು ಈ ಹುಡುಗನಿಗೆ ಅಂಟಿಸಿದರೆ ವಿದ್ಯೆಗೇ ಅಪಚಾರ. ಲಾ ಅದ್ರಿಯ್ಯರು ಸಂದೇಹಿಸಿದ್ದು ಎದುರಿಗಿರುವ ಕಂಬವನ್ನೂ, ತಮ್ಮ ಸಂದೇಹವನ್ನೂ. ಅಜ್ಞೇಯತಾವಾದವಾದರೋ ಮುಖ್ಯವಾಗಿ ದೇವರ ವಿಷಯದಲ್ಲಷ್ಟೇ ನಿಲ್ಲುತ್ತದೆ. ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲೀ 1869ರಲ್ಲಿ ಅದಕ್ಕೆ ‘ಅಗ್ನಾಸ್ಟಿಕ್’ ಎಂಬ ಪದ ಹುಟ್ಟಿಸಿದರು. ತಮ್ಮದು ಮತವಲ್ಲ, ಒಂದು ವಿಧಾನ, ಪುರಾವೆ ಇಲ್ಲದುದನ್ನು ಖಚಿತವೆಂದು ಹೇಳಬಾರದು ಎಂಬುದು ಅವರ ವಾದ. ಈ ಕಟ್ಟುಪಾಡು ‘ಇದ್ದಾನೆ’ ಎನ್ನುವವರಿಗಷ್ಟೇ ಅಲ್ಲ, ‘ಇಲ್ಲ’ ಎಂದು ಸಾರುವವರಿಗೂ ಅನ್ವಯಿಸುತ್ತದೆ.

ನಮ್ಮವರ ಕಲ್ಪನೆ ಬೇರೆ. ಕಡೂರಿನಿಂದ ರೈಲು ಹತ್ತಿದರೆ ಬೀರೂರು ಜಂಕ್ಷನ್. ಅಲ್ಲಿಂದ ಒಂದು ಹಳಿ ತರೀಕೆರೆಗೆ, ಇನ್ನೊಂದು ಅಜ್ಜಂಪುರಕ್ಕೆ. ಈಮಾನ್ ಒಂದು ಹಳಿ, ನಾಸ್ತಿಕತೆ ಇನ್ನೊಂದು, ಅಜ್ಞೇಯವಾದಿ ಬೀರೂರಿನಲ್ಲಿ ಇಳಿದವನು ಎಂದು ಭಾವಿಸುತ್ತೇವೆ. ನಂಬುವುದು ಬೇರೆ, ಅರಿಯುವುದು ಬೇರೆ ಎಂಬ ಭೇದ ಈ ಚಿತ್ರದಲ್ಲಿ ಕಾಣದಾಗುತ್ತದೆ. ತನಗೆ ಪುರಾವೆ ಗೊತ್ತಿಲ್ಲದೆಯೂ ನಮಾಝ್ ಮಾಡುವವನಿದ್ದಾನೆ. ಗೊತ್ತಿಲ್ಲವೆಂದು ಹೇಳುತ್ತಲೇ ದೇವರಿಲ್ಲದವನಂತೆ ಬದುಕುವವನೂ ಇದ್ದಾನೆ.

ಹುಡುಗನ ಚೀಲದಲ್ಲಿದ್ದ ಪುಸ್ತಕ ಎ.ಎನ್. ಮೂರ್ತಿರಾಯರ ‘ದೇವರು’. 1900ರಲ್ಲಿ ಹುಟ್ಟಿದ ಲೇಖಕರು ತೊಂಬತ್ತು ದಾಟಿದ ಮೇಲೆ, 1991ರಲ್ಲಿ ಪ್ರಕಟಿಸಿದ ಕೃತಿಯದು. ಭಕ್ತರು ನಂಬುವ ದೇವರಿಗೆ ಆಧಾರ ಸಾಲದೆಂಬುದು ಅವರ ನಿಲುವು. ಕನ್ನಡ ಬಿ.ಎ. ಓದುವಾಗ ನಾನೂ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಓದಿ ಎರಡು ರಾತ್ರಿ ನಿದ್ದೆಗೆಟ್ಟಿದ್ದೆ; ದೇವರುಗಳ ಹುಟ್ಟನ್ನೇ ಪ್ರಶ್ನಿಸುವ ಮುದುಕಿಯ ಕಥೆಯದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರು ಮಾತ್ರ ಗಾಂಧಿ ಟೋಪಿಯ ವಿಚಾರವಾದಿ. ಅವರ ಹೋರಾಟ ಮೂಢನಂಬಿಕೆಯೊಡನೆ. ತಾಯಿತ ಮಾರುವವರನ್ನು ಕಂಡಾಗ ನಮಗೂ ಅಂಥ ಒಂದು ಸಮಿತಿ ಬೇಕಿತ್ತೆನಿಸುವುದುಂಟು. ಇವರೆಲ್ಲರನ್ನೂ ಒಂದೇ ಹೆಸರಿನಿಂದ ಕರೆಯುವುದು ಸೋಮಾರಿತನ.

‘ಗೊತ್ತಿಲ್ಲ’ ಎಂಬ ಮಾತಿಗೆ ನಮ್ಮ ಪರಂಪರೆಯಲ್ಲಿ ಗೌರವವೂ ಇದೆ. ಇಮಾಮ್ ಮಾಲಿಕ್(ರ) (ಮರಣ ಹಿಜರಿ 179) ಅವರಿಗೆ 48 ಪ್ರಶ್ನೆಗಳನ್ನು ಕೇಳಿದಾಗ 32ಕ್ಕೆ ‘ಲಾ ಅದ್ರೀ’ ಎಂದರೆಂದು ವರದಿಯಾಗಿದೆ. ಇಮಾಮ್ ಗಝಾಲಿ(ರ) (1058-1111) ಅವರಂತೂ ಇನ್ನೂ ಆಳಕ್ಕೆ ಇಳಿದವರು. ನಿಂತಂತೆ ಕಾಣುವ ನೆರಳು ಚಲಿಸುತ್ತಿರುತ್ತದೆ. ಕಣ್ಣು ಮೋಸ ಮಾಡಿದ ಮೇಲೆ ಬುದ್ಧಿಯನ್ನು ಹೇಗೆ ನಂಬಲಿ ಎಂದು ಕೇಳಿಕೊಂಡು ಸುಮಾರು ಎರಡು ತಿಂಗಳು ಅವರು ಸಂಶಯದಲ್ಲಿ ಬೆಂದರು. ತರ್ಕದಿಂದಲ್ಲ, ಅಲ್ಲಾಹನು ಎದೆಯೊಳಗೆ ಹಾಕಿದ ಬೆಳಕಿನಿಂದ ಗುಣವಾಯಿತೆಂದು ‘ಅಲ್‌ಮುನ್ಕಿಝ್’ ಗ್ರಂಥದಲ್ಲಿ ಸ್ವತಃ ಬರೆದಿದ್ದಾರೆ. ಆ ಎರಡು ತಿಂಗಳಲ್ಲಿ ಯಾರಾದರೂ ಅವರನ್ನು ದಹರಿಯಾ ಎಂದು ಮನೆಯಿಂದ ದೂಡಿದ್ದರೆ?

ತಂದೆಗೆ ನಾನು ಹೇಳಿದ್ದು ಇಷ್ಟೇ: ಹುಡುಗ ‘ಇಲ್ಲ’ ಎಂದಿಲ್ಲ, ಸಾಹೇಬರೇ. ನಿಮ್ಮೆದುರೇ, ನಿಮ್ಮ ದಸ್ತರಖಾನಿನಲ್ಲಿ ಕುಳಿತು ಹೇಳಿದ್ದಾನೆ.

ಶುಕ್ರವಾರ ಖುತ್ಬಾ ನೀಡಲು ನಾನು ಅಜ್ಜಂಪುರಕ್ಕೆ ಹೋಗುತ್ತೇನೆ. ಹುಡುಗನ ಅಜ್ಜಿಯ ಮನೆ ಅಲ್ಲೇ. ರಜೆ ಮುಗಿಯುವವರೆಗೆ ಅಸರ್ ನಂತರ ಗಝಾಲಿಯವರ ಆ ಗ್ರಂಥವನ್ನು ಇಬ್ಬರೂ ಓದಿದೆವು. ಅವನಿಗೆ ಅರಬಿ ಬಾರದು, ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಮೊದಲೆರಡು ವಾರ ತಂದೆ ಮಸೀದಿಯ ಹೊರಗೆ ಕಾರಿನಲ್ಲಿ ಕಾದರು. ಮೂರನೆಯ ವಾರ ಒಳಗೆ ಬಂದು, ಮಗನಿಂದ ಸ್ವಲ್ಪ ದೂರದಲ್ಲಿ ಗೋಡೆಗೆ ಒರಗಿ ಕುಳಿತರು.