ಮೇಡ್ಲೇರಿಯ ಒಲೆ, ಕಲ್ಯಾಣದ ಬಾಣಸ

ಓದುಗರೆ, ತಮ್ಮ ಮನೆಯ ಮಧ್ಯಾಹ್ನದ ಊಟ ಎಷ್ಟು ವರ್ಷ ಹಳೆಯದೆಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಅರಸರ ಕಾಲ, ಗುಡಿಗಳ ಕಾಲ, ಯುದ್ಧಗಳ ಕಾಲ ನಮಗೆ ಪಾಠಪುಸ್ತಕದಿಂದ ಗೊತ್ತು. ತಾಟಿನಲ್ಲಿರುವ ರೊಟ್ಟಿಯ ಕಾಲ, ಅದರ ಬದಿಗಿರುವ ಖಾರದ ಕಾಲ ಯಾವುದೆಂದು ಮಾತ್ರ ನಾವು ಕೇಳುವುದಿಲ್ಲ. ‘ಹಿರಿಯರಿಂದ ನಡೆದುಬಂದದ್ದು’ ಎಂದುಬಿಟ್ಟು ಕೈತೊಳೆದು ಏಳುತ್ತೇವೆ.

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಡಿಗೆಯೆಂದರೆ ಜೀವ ಬಿಡುವ ಒಬ್ಬ ಗೃಹಿಣಿಯನ್ನು ಅಲ್ಲಿ ಕಲ್ಪಿಸಿಕೊಳ್ಳಿರಿ. ಅಂಥವರು ಆ ಸೀಮೆಯಲ್ಲಿ ಓಣಿಗೊಬ್ಬರಾದರೂ ಸಿಗುತ್ತಾರೆ. ಆಕೆ ಜೋಳದ ಹಿಟ್ಟಿಗೆ ಕುದಿವ ಎಸರು ಸುರಿದು, ನಾದಿ, ಅಂಗೈಯಿಂದ ಬಡಿಬಡಿದು ರೊಟ್ಟಿಯನ್ನು ಅಗಲಿಸುತ್ತಾಳೆ. ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಾಳೆ. ಗೋದಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ. ಬಿಸಿನೀರು ಮತ್ತು ಕೈಯ ಹದ ಎರಡೇ ಅದನ್ನು ಹಿಡಿದು ನಿಲ್ಲಿಸಬೇಕು. ಇದನ್ನು ಆಕೆ ಯಾವ ಪುಸ್ತಕದಲ್ಲಿಯೂ ಓದಿದವಳಲ್ಲ.

ಹಾಗೆಂದು ನಮ್ಮಲ್ಲಿ ಪಾಕದ ಪುಸ್ತಕಗಳಿಗೆ ಬರವಿದ್ದಿತೆಂದಲ್ಲ. ಸುಮಾರು 920ರ ವಡ್ಡಾರಾಧನೆಯಲ್ಲಿಯೇ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಮಳೆ, ಬೇಸಾಯ, ಬಾವಿ, ವೈದ್ಯಗಳೊಡನೆ ಅಡಿಗೆಗೂ ಸ್ಥಾನವುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಸಂಸ್ಕೃತದ್ದು, 1129ರ ಸುಮಾರಿನದು. ಅದರಲ್ಲಿ ಅನ್ನಭೋಗ, ಪಾನೀಯಭೋಗ ಎಂದು ಉಣ್ಣುವ ಕುಡಿಯುವ ಸುಖಗಳಿಗೆ ಬೇರೆಬೇರೆ ಪ್ರಕರಣಗಳೇ ಇವೆ. ಅಂದಿನ ಇಡ್ಡಲಿಗೆಗೆ ಅಕ್ಕಿ ಬೀಳುತ್ತಿರಲಿಲ್ಲ, ಬರಿಯ ಉದ್ದು. ರುಚಿಗೆ ಮೆಣಸು, ಜೀರಿಗೆ, ಇಂಗು. ಮುಂದೆ 16ನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ಸೂಪಶಾಸ್ತ್ರವೆಂದು ಅಡಿಗೆಯನ್ನೇ ಷಟ್ಪದಿಯಲ್ಲಿ ಹಾಡಿದನು. ಬದನೆಕಾಯಿಯನ್ನು ಆತ ಮಾಡಿಸುವ ಬಗೆಗಳನ್ನು ಓದಿದರೆ ಇಂದಿನ ಎಣ್ಣೆಗಾಯಿಯ ಅಭಿಮಾನಿಗಳೂ ತಲೆದೂಗಬೇಕು.

ಆದರೆ ಒಂದು ಮಾತು ಗಮನಿಸಿರಿ. ಇವೆಲ್ಲ ದೊರೆಗಳ, ವಿದ್ವಾಂಸರ ಬರಹ. ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಬಾಣಸವೆರ್ಗಡೆ’ ಎಂಬ ಬಿರುದು ಕಾಣುತ್ತದೆ; ಅರಮನೆಯ ಅಡಿಗೆಯ ಮೇಲಧಿಕಾರಿ ಎಂದು ಅದರ ಅರ್ಥ. ದೊಡ್ಡ ದೊಡ್ಡ ದಂಡನಾಯಕರೇ ಆ ಹೆಸರನ್ನು ಹೆಮ್ಮೆಯಿಂದ ಹೊತ್ತರು. ಅವರು ಸೌಟು ಹಿಡಿದಿದ್ದರೋ ಇಲ್ಲವೋ ದೇವರೇ ಬಲ್ಲ! ದೇವರ ನೈವೇದ್ಯಕ್ಕೆ ಭೂಮಿ ಬಿಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿದರು. ಮನೆಯ ಒಲೆಯ ಮುಂದೆ ಕುಳಿತವಳ ಹೆಸರಿಗೆ ಕಲ್ಲೂ ಇಲ್ಲ, ಓಲೆಯೂ ಇಲ್ಲ. ಹಾಗಾದರೆ ಆಕೆಯ ಇತಿಹಾಸವನ್ನು ಎಲ್ಲಿ ಹುಡುಕಬೇಕು?

ಮಾತಿನಲ್ಲಿ ಹುಡುಕಬೇಕು ಎಂದು ನನ್ನ ಎಣಿಕೆ. ಮೇಡ್ಲೇರಿಯ ತಾಟಿಗೇ ತಿರುಗಿ ಬನ್ನಿರಿ. ರೊಟ್ಟಿಯ ಬದಿಗೆ ಕೆಂಪು ಖಾರವಿದೆ, ಶೇಂಗಾ ಚಟ್ನಿಯಿದೆ. ಮೇಲೆ ಹೇಳಿದ ಯಾವ ಗ್ರಂಥದ ಕರ್ತೃವೂ ಇವೆರಡರ ರುಚಿ ಕಂಡವನಲ್ಲ. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಕೊಲಂಬಸನು ಅಲ್ಲಿಗೆ ಹೋದದ್ದು 1492ರಲ್ಲಿ. ಪೋರ್ತುಗೀಜರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಮೆಣಸಿನಕಾಯಿ ನಮ್ಮ ಕರಾವಳಿಗೆ ಇಳಿದು, ಘಟ್ಟ ಹತ್ತಿ ಬಂದದ್ದು ಆ ಮೇಲೆಯೇ. ಅದಕ್ಕೆ ಹಿಂದೆ ಸೋಮೇಶ್ವರನಿಗೂ ಅವನ ಒಕ್ಕಲಿಗನಿಗೂ ಖಾರವೆಂದರೆ ಘಟ್ಟದ ಕರಿಮೆಣಸು, ಹಸಿ ಶುಂಠಿ, ಹಿಪ್ಪಲಿ.

ಈ ಹೊಸಬನಿಗೆ ನಮ್ಮ ಅಡಿಗೆಮನೆ ಏನು ಹೆಸರಿಟ್ಟಿತು ನೋಡಿರಿ. ಪರದೇಶದ ಹೆಸರನ್ನು ಕೇಳಲಿಲ್ಲ. ‘ಮೆಣಸು’ ನಾಲಗೆಗೆ ಗೊತ್ತಿದ್ದ ಖಾರ, ಇದು ಕಾಯಿ, ಆದ್ದರಿಂದ ‘ಮೆಣಸಿನಕಾಯಿ’. ಹಳೆಯ ಡಬ್ಬಿಯ ಹೆಸರನ್ನೇ ಹೊಸ ಸರಕಿಗೆ ಅಂಟಿಸಿ ಒಳಗೆ ಕರೆದುಕೊಂಡರು. ಅಮೆರಿಕದ ಮತ್ತೊಂದು ಧಾನ್ಯ ಬಂದಿತು; ಅದು ಇಲ್ಲಿ ‘ಗೋವಿನಜೋಳ’ವಾಯಿತು. ಇಂದು ರಾಣೆಬೆನ್ನೂರಿನ ಸುತ್ತ ಜೋಳದ ಹೊಲಗಳನ್ನು ಬಹಳಷ್ಟು ಹಿಂದಕ್ಕೆ ತಳ್ಳಿದ್ದು ಇದೇ ಬಂಧು! ನೆಲದೊಳಗೆ ಬಿಡುವ ಕಾಯಿಯನ್ನು ಮೈಸೂರು ಸೀಮೆಯವರು ಕಡಲೆಯ ನಂಟಿನಿಂದ ಕಡಲೆಕಾಯಿ ಎಂದರು. ನಮ್ಮವರು ಮರಾಠಿಯ ನೆರೆಯಿಂದ ಶೇಂಗಾ ಎಂದರು. ಬಟಾಟೆ, ಪೇರಲಗಳಲ್ಲಿ ಮಾತ್ರ ಪೋರ್ತುಗೀಜರ ನಾಲಗೆ ಇನ್ನೂ ಕೇಳಿಸುತ್ತದೆ. ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಕೂಡಿಸಿ ಅರೆದ ಚಟ್ನಿಗೆ ‘ರಂಜಕ’ವೆನ್ನುತ್ತಾರಲ್ಲ, ಅದು ತೋಪಿನ ಬತ್ತಿಯ ಕಿಂಡಿಗೆ ತುಂಬುವ ಮದ್ದಿನ ಹೆಸರು. ಆ ಹೆಸರಿಟ್ಟ ಪುಣ್ಯಾತ್ಗಿತ್ತಿ ತೋಪನ್ನೂ ಕಂಡಿದ್ದಳು, ಚಟ್ನಿಯನ್ನೂ ಉಂಡಿದ್ದಳು.

ಇಷ್ಟೇ ಅಲ್ಲ. ನೆರೆಯ ಬ್ಯಾಡಗಿಯ ಮೆಣಸಿನಕಾಯಿಯನ್ನು ನೋಡಿರಿ: ಉದ್ದ, ಸುಕ್ಕುಸುಕ್ಕು, ಗಾಢ ಕೆಂಪು, ಖಾರ ಮಾತ್ರ ಕಡಿಮೆ. ಡಬ್ಬಿ, ಕಡ್ಡಿ ಎಂದು ಅದರಲ್ಲಿ ತಳಿಗಳು. ಸಾರಿಗೆ ಬಣ್ಣ ಬೇಕು, ಬಾಯಿ ಉರಿಯಬಾರದು ಎಂಬ ಬೇಡಿಕೆ ಮೊದಲು ಹುಟ್ಟಿದ್ದು ಪೇಟೆಯಲ್ಲಿ ಅಲ್ಲ, ಒಲೆಯ ಮುಂದೆ ಎಂದೇ ನಾನು ತಿಳಿದಿದ್ದೇನೆ. ರೈತ ಬೀಜ ಆರಿಸಿದನು. ಯಾವ ಕಾಯಿ ಚೆನ್ನೆಂದು ಆರಿಸಿ ಹೇಳಿದವಳು ಮನೆಯಾಕೆ. ಇಂದು ಆ ಕಾಯಿಯಿಂದ ತೆಗೆದ ಬಣ್ಣ ತುಟಿಗೆ ಹಚ್ಚುವ ಬಣ್ಣಗಳವರೆಗೆ ಹೋಗಿದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರಕಿತು.

ಧಾನ್ಯದ ವಿಷಯದಲ್ಲಿ ಈ ಸೀಮೆ ಒಂದು ಜಗಳವನ್ನೇ ಕಾವ್ಯವಾಗಿ ಕೊಟ್ಟಿದೆ. ಕನಕದಾಸರ ಕಾಗಿನೆಲೆ ಇರುವುದು ಇದೇ ಬ್ಯಾಡಗಿ ತಾಲೂಕಿನಲ್ಲಿ. ಅವರ ರಾಮಧಾನ್ಯಚರಿತೆಯಲ್ಲಿ ಅಕ್ಕಿ ರಾಗಿಗಳು ಹಿರಿತನಕ್ಕಾಗಿ ಶ್ರೀರಾಮನೆದುರು ವಾದಿಸುತ್ತವೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಗೆದ್ದು ಹೊರಬರುವುದು ರಾಗಿ. ಉಳ್ಳವರ ಅನ್ನ, ಬಡವರ ಮುದ್ದೆ ಎಂಬ ಭೇದ ಎಷ್ಟು ಕಹಿಯಾಗಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಕುಡಿಯುವುದರ ಮಾತು. ಪಾನೀಯಭೋಗದಲ್ಲಿ ದೊರೆಗೆ ಪರಿಮಳ ಕಟ್ಟಿದ ನೀರು. ಮೇಡ್ಲೇರಿಯಂಥ ಊರಿನಲ್ಲಿ ಬಿಸಿಲಿನಿಂದ ಬಂದವರಿಗೆ ಬೆಲ್ಲ ನೀರು, ಹೊಲದವರಿಗೆ ಅಂಬಲಿ, ಉಂಡ ಮೇಲೆ ಮಜ್ಜಿಗೆ. ಚಹಾ ಇತ್ತೀಚಿನ ಅತಿಥಿ. 1930ರ ದಶಕದಲ್ಲಿ ಚಹಾ ಉದ್ಯಮದವರು ದೇಶದಲ್ಲೆಲ್ಲ ಪುಕ್ಕಟೆ ಕುಡಿಸಿ ರುಚಿ ಹತ್ತಿಸಿದರು. ಈಗ ‘ಚಹಾ ಕುಡದು ಹೋಗ್ರೆಲಾ’ ಎನ್ನದಿದ್ದರೆ ಮನೆಗೆ ಕರೆದಂತೆಯೇ ಅಲ್ಲ.

ಒಬ್ಬಳ ಅಡಿಗೆ ಊರಿನ ಅಡಿಗೆಯಾಗುವ ದಾರಿಯನ್ನು ಕಾಣಬೇಕಾದರೆ ಶ್ರಾವಣದಲ್ಲಿ, ನಾಗರಪಂಚಮಿಗೆ ಮುಂಚಿನ ರೊಟ್ಟಿಪಂಚಮಿಯಂದು ಈ ಕಡೆಗೆ ಬನ್ನಿರಿ. ದಿನಗಟ್ಟಲೆ ಮೊದಲೇ ಗೆಳತಿಯರು ಕೂಡಿ ರೊಟ್ಟಿ ಬಡಿದು, ಕಟಕಾಗುವಂತೆ ಒಣಗಿಸಿ ಒಟ್ಟಿರುತ್ತಾರೆ. ಅಂದು ರೊಟ್ಟಿ, ಕಾಳುಪಲ್ಯ, ಗುರೆಳ್ಳಿನ ಪುಡಿ, ಅಗಸಿ ಚಟ್ನಿ, ಮೊಸರು ಎಲ್ಲವೂ ಮನೆಯಿಂದ ಮನೆಗೆ ಹೊರಡುತ್ತವೆ, ಜಾತಿಯ ಓಣಿಗಳನ್ನೂ ಅಂದು ದಾಟುತ್ತವೆ. ಕೊಟ್ಟ ಮನೆಯ ರುಚಿ ನಾಲಗೆಗೆ ಹತ್ತಿದರೆ ‘ಇದಕ್ಕೇನು ಹಾಕೀರಿ ಅಕ್ಕಾರ?’ ಎಂಬ ಪ್ರಶ್ನೆ ಮರುದಿನ ಬಾವಿಕಟ್ಟೆಯಲ್ಲಿಯೋ ನಳದ ಮುಂದೆಯೋ ಬಂದೇ ಬರುತ್ತದೆ. ಉತ್ತರವೂ ಸಿಗುತ್ತದೆ, ಒಂದು ಸಾಮಾನನ್ನು ಬಚ್ಚಿಟ್ಟು ಹೇಳಿದರೂ ಸರಿ! ರೊಟ್ಟಿ ಬಂದ ಬುಟ್ಟಿಯನ್ನು ಬರಿದಾಗಿ ಮರಳಿಸುವ ಪದ್ಧತಿಯಿಲ್ಲ. ಇತ್ತ ಮನೆಯ ರೊಟ್ಟಿ, ಇತ್ತ ಮನೆಯ ಖಾರ ತುಂಬಿಯೇ ಅದು ತಿರುಗಿ ಹೋಗುತ್ತದೆ.