ತೈಲಬಾವಿಯ ಗಡಿಯಾರ: ಉಳಿಸಿದ ಗಂಟೆಗಳ ಕಥೆ

ಊರಲ್ಲಿ ಬೋರ್‌ವೆಲ್ ಕೊರೆಸೋದನ್ನ ನೀವೂ ನೋಡಿರ್ತೀರಿ. ಲಾರಿ ಬರುತ್ತೆ, ಅಡಿಗೆ ಇಷ್ಟು ಅಂತ ರೇಟ್ ಮಾತಾಡ್ತಾರೆ. ಕೆಲಸ ನಿಧಾನವಾದ್ರೆ ಅದು ಲಾರಿಯವರ ತಲೆನೋವು. ಆದರೆ ತೈಲಬಾವಿಯಲ್ಲಿ ಸಾಮಾನ್ಯವಾಗಿ ರಿಗ್‌ಗೆ ದಿನದ ಬಾಡಿಗೆ. ಕೊರೆಯದೆ ನಿಂತರೂ ಮೀಟರ್ ಓಡ್ತಾನೇ ಇರುತ್ತೆ. ಅದಕ್ಕೇ ಈ ಉದ್ಯಮ ಮೊದಲಿನಿಂದಲೂ ಗಡಿಯಾರದ ಜೊತೆ ಗುದ್ದಾಡ್ತಾ ಬಂದಿದೆ.

1859, ಅಮೆರಿಕದ ಪೆನ್ಸಿಲ್ವೇನಿಯಾ. ಎಡ್ವಿನ್ ಡ್ರೇಕ್ ಉಗಿಯಂತ್ರದಿಂದ ಭಾರದ ಉಳಿಯನ್ನು ಎತ್ತಿ ಎತ್ತಿ ಕುಟ್ಟಿಸುತ್ತಿದ್ದ. ಬಂಡೆಯಲ್ಲಿ ದಿನಕ್ಕೆ ಸುಮಾರು 3 ಅಡಿ, ಅಷ್ಟೇ. ಸುಮಾರು 69 ಅಡಿಯಲ್ಲಿ ಎಣ್ಣೆ ಸಿಕ್ಕಿತು. ಈ ವಿಧಾನದಲ್ಲಿ ಆಗಾಗ ಕೆಲಸ ನಿಲ್ಲಿಸಿ ಕಲ್ಲಿನ ಪುಡಿ ಹೊರತೆಗೆಯಬೇಕಿತ್ತು.

1901ರಲ್ಲಿ ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್‌ನಲ್ಲಿ ತಿರುಗುವ ಕೊಳವೆ ಗೆದ್ದಿತು. ಒಳಗೆ ಹರಿಸಿದ ಕೆಸರೇ ಪುಡಿಯನ್ನು ಮೇಲೆ ತರ್ತಿತ್ತು, ನಿಲ್ಲಿಸೋ ಕೆಲಸವಿಲ್ಲ. 1909ರಲ್ಲಿ ಹೋವರ್ಡ್ ಹ್ಯೂಸ್ ಸೀನಿಯರ್ ಪೇಟೆಂಟ್ ಪಡೆದ ಹಲ್ಲಿನ ಚಕ್ರಗಳ ಬಿಟ್ ಗಟ್ಟಿ ಬಂಡೆಯನ್ನೂ ಪುಡಿ ಮಾಡಿತು. ಬಿಟ್ ಸವೆದರೆ ಸಾವಿರಾರು ಅಡಿ ಕೊಳವೆಯನ್ನೆಲ್ಲ ಮೇಲೆತ್ತಿ, ಬಿಚ್ಚಿ, ಮತ್ತೆ ಇಳಿಸಬೇಕು. ಹಾಗಾಗಿ ಬಿಟ್ ಹೆಚ್ಚು ಬಾಳಿದಷ್ಟೂ ಗಂಟೆಗಳು ಉಳಿದವು. 1980ರ ದಶಕದಲ್ಲಿ ಬಂದ ಟಾಪ್ ಡ್ರೈವ್‌ನಿಂದ 30 ಅಡಿಯ ಒಂದೊಂದೇ ಕೊಳವೆ ಬದಲು, ಮೂರನ್ನು ಒಟ್ಟಿಗೆ ಜೋಡಿಸಿ ಕೊರೆಯೋದು ಸಾಧ್ಯವಾಯ್ತು.

ಗಮನಿಸಿದ್ರಾ? ಇಲ್ಲೆಲ್ಲ ಉಳಿದದ್ದು ಬಹುಪಾಲು ಕೊರೆಯದೆ ಕಳೆಯುತ್ತಿದ್ದ ಸಮಯ. ಆದರೆ ಕೊರೆಯದ ಗಂಟೆಗಳೆಲ್ಲ ದಂಡವೇ? ಸಿಮೆಂಟ್ ಗಟ್ಟಿಯಾಗಲಿ ಅಂತ ಕಾಯೋದು, ಬಾವಿಯ ಒತ್ತಡ ಪರೀಕ್ಷಿಸೋದು, ಇವೂ ಖಾಲಿ ಗಂಟೆಗಳಂತೆಯೇ ಕಾಣುತ್ತವೆ.

2010ರ ಏಪ್ರಿಲ್ 20. ಮೆಕ್ಸಿಕೋ ಕೊಲ್ಲಿಯಲ್ಲಿ ಬಿಪಿ ಕಂಪನಿಯ ಮಕಾಂಡೊ ಬಾವಿ, ಅದರ ಮೇಲೆ ಡೀಪ್‌ವಾಟರ್ ಹೊರೈಝನ್ ರಿಗ್. ದಿನದ ಒಟ್ಟು ಖರ್ಚು ಸುಮಾರು 10 ಲಕ್ಷ ಡಾಲರ್. ಕೆಲಸ ಆಗಲೇ ಆರು ವಾರ ತಡ. ಉಕ್ಕಿನ ಕೊಳವೆಯನ್ನು ಬಾವಿಯ ನಡುವೆ ಹಿಡಿದಿಡುವ ಸೆಂಟ್ರಲೈಸರ್ 21 ಬೇಕು ಅಂತ ಲೆಕ್ಕ ಹೇಳಿತ್ತು, ಹಾಕಿದ್ದು 6. ಸಿಮೆಂಟ್ ಸರಿಯಾಗಿ ಕೂತಿದೆಯಾ ಅಂತ ಅಳೆಯಲು ಬಂದಿದ್ದ ತಂಡವನ್ನು ಅಂದು ಬೆಳಿಗ್ಗೆ ಅಳತೆ ಮಾಡಿಸದೆಯೇ ವಾಪಸ್ ಕಳಿಸಿದರು. ಸಂಜೆಯ ಪರೀಕ್ಷೆಯಲ್ಲಿ ಒತ್ತಡ ಏರಿತ್ತು, ಆದರೂ ಬಾವಿ ಭದ್ರ ಅಂತ ತೀರ್ಮಾನಿಸಿದರು.

ರಾತ್ರಿ ಬಾವಿ ಸಿಡಿಯಿತು. 11 ಕಾರ್ಮಿಕರು ಸತ್ತರು. ಎಣ್ಣೆ 87 ದಿನ ಸಮುದ್ರಕ್ಕೆ ಹರಿಯಿತು. ಬಿಪಿ ಕೊನೆಗೆ ತೆತ್ತದ್ದು 6,000 ಕೋಟಿ ಡಾಲರ್‌ಗೂ ಹೆಚ್ಚು.

ಅಮೆರಿಕ ಅಧ್ಯಕ್ಷರು ನೇಮಿಸಿದ ಆಯೋಗ ಕಂಡುಕೊಂಡದ್ದು ಇದು: ಉದ್ದೇಶ ಏನೇ ಇರಲಿ, ಅಪಾಯ ಹೆಚ್ಚಿಸಿದ ಅನೇಕ ನಿರ್ಧಾರಗಳು ಸಮಯ ಉಳಿಸಿದ್ದವು.

ಹ್ಯೂಸ್ ಬಿಟ್ ಉಳಿಸಿದ್ದೂ ಗಂಟೆಗಳನ್ನೇ, ಮಕಾಂಡೊದಲ್ಲಿ ಉಳಿಸಿದ್ದೂ ಗಂಟೆಗಳನ್ನೇ. ಮೊದಲನೆಯದು ವ್ಯರ್ಥ ಸಮಯ, ಎರಡನೆಯದು ಕಾವಲಿನ ಸಮಯ. ಬಾಡಿಗೆ ಬಿಲ್ಲಿನಲ್ಲಿ ಎರಡಕ್ಕೂ ಒಂದೇ ದರ ಇರುತ್ತೆ, ಬೇರೆ ಮಾಡಿ ನೋಡೋ ಜವಾಬ್ದಾರಿ ಮನುಷ್ಯರದ್ದು. ಮುಂದಿನ ಕಂತಿನಲ್ಲಿ ಸಿಗೋಣ.